ಉಗಿ ಸುತ್ತಿಗೆಯೂ ನಮ್ಮ ಸೋದರಮಾವನೂ

ನಮ್ಮ ಸೋದರಮಾವನೊಡನೆ ಮಾತನಾಡಬೇಕಾದರೆ ಅವರ ಬಲಗಡೆ ಕುಳಿತುಕೊಳ್ಳಬೇಕು. ಎಡಗಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿದೆ. ಬಲಗಿವಿಗೂ ಕೂಗಿಯೇ ಹೇಳಬೇಕು. ಬಾಗಿಲ ಗಂಟೆ ಅವರಿಗೆ ಕೇಳಿಸದು, ಮಕ್ಕಳ ಮಾತಂತೂ ಮೊದಲೇ ಕೇಳಿಸದು. ಆದರೆ ಅಡಿಗೆಮನೆಯಲ್ಲಿ ರುಬ್ಬುಗುಂಡು ಜಾರಿ ಬಿದ್ದರೆ, ಹಜಾರದಲ್ಲಿ ಕುಳಿತವರು ಕಾಲಿನಲ್ಲೇ ಆ ಅದುರನ್ನು ತಿಳಿದು, "ಏನೇ ಅದು ಬಿದ್ದದ್ದು?" ಎಂದು ಕೇಳುತ್ತಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ದೊಡ್ಡ ಕಾರ್ಖಾನೆಯ ಕುಲುಮೆ ವಿಭಾಗದಲ್ಲಿ ಉಗಿ ಸುತ್ತಿಗೆಯ ಹಿಡಿಕೆ ಹಿಡಿದು ನಿಂತಿದ್ದವರು ಅವರು. ಈಗ ಎಪ್ಪತ್ತೆಂಟರ ವಯಸ್ಸು. ವಿಶಾಖಪಟ್ಟಣದ ಗಾಜುವಾಕದಲ್ಲಿ ಮಗನ ಮನೆಯಲ್ಲಿದ್ದಾರೆ.

ಕಳೆದ ಬೇಸಿಗೆಯಲ್ಲಿ ಆ ಮನೆಯಿಂದ ವಿಜಯವಾಡದ ನಮ್ಮ ಮನೆಗೆ ಫೋನು ಬಂತು. ಭಾವನ ಹೆಂಡತಿ, ನಾವು ಅಕ್ಕ ಎನ್ನುವವರು, ಅಳುವ ದನಿಯಲ್ಲಿ ಮಾತನಾಡಿದರು. ಹುಡುಗ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದಿದ್ದಾನೆ. ಆದರೆ ಕಾಲೇಜು ಬೇಡ, ಐ.ಟಿ.ಐ.ಗೆ ಸೇರಿ ತಾತನ ಕೆಲಸವನ್ನೇ ಕಲಿಯುತ್ತೇನೆ, ಕಬ್ಬಿಣ ಕಾಯಿಸಿ ಬಡಿಯುವ ಕೆಲಸ, ಎಂದು ಹಟ ಹಿಡಿದಿದ್ದಾನೆ. "ನೀನು ಬಿ.ಎ. ಓದಿ ಸರಕಾರಿ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದೀಯ. ನೀನೇ ಬಂದು ಅವನಿಗೆ ನಾಲ್ಕು ಬುದ್ಧಿ ಹೇಳಪ್ಪ. ಈ ಮನೆಯಲ್ಲಿ ಒಬ್ಬರು ಕಿವಿ ಕಳಕೊಂಡದ್ದು ಸಾಲದೆ?" ಎಂದರು.

ನಾವು ಎರಡು ದಿನದ ರಜೆ ಬರೆದುಕೊಟ್ಟು ರೈಲು ಹತ್ತಿದೆವು.

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಸುಮಾರು 350 ಕಿಲೋಮೀಟರು. ರಾಜಮಹೇಂದ್ರಿಯಲ್ಲಿ ಗೋದಾವರಿ ದಾಟಿ, ಅಣ್ಣಾವರಂ, ತುನಿ, ಅನಕಾಪಲ್ಲಿ ಎನ್ನುತ್ತ ಹೋಗುವ ಈ ದಾರಿ ನಮ್ಮ ಸಂಘದ ಬಹು ಮಂದಿಗೆ ಅಂಗೈ ರೇಖೆಯಷ್ಟು ಪರಿಚಿತ. ಹುಡುಗನಿಗೆ ಹೇಳಬೇಕಾದ ಉಪದೇಶವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆವು. ಆಗ ಒಂದು ಯೋಚನೆ ಹೊಳೆಯಿತು. ನಾವು ಕುಳಿತ ಡಬ್ಬಿಯ ಭಾರವನ್ನೆಲ್ಲ ಹೊತ್ತಿರುವುದು ಯಾವುದು? ಎರಡು ಗಾಲಿಗಳ ನಡುವೆ ಇರುವ ಅಚ್ಚು. ರೈಲಿನವರ ಮಾತಿನಲ್ಲಿ ಆಕ್ಸಲ್. ಅದು ಓಡುವಾಗ ಮುರಿದರೆ ಎಂಥ ಅನಾಹುತವಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದೇಶದ ರೈಲುಗಳಿಗೆ ಗಾಲಿ, ಅಚ್ಚುಗಳನ್ನು ಮಾಡಿಕೊಡುವ ಮುಖ್ಯ ಕಾರ್ಖಾನೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಯಲಹಂಕದಲ್ಲಿದೆ; 1984ರಲ್ಲಿ ಆರಂಭವಾದದ್ದು. ಅಲ್ಲಿ ಗಾಲಿಯನ್ನು ಎರಕ ಹೊಯ್ಯುತ್ತಾರೆ. ಅಚ್ಚನ್ನು ಮಾತ್ರ ಎರಕ ಹೊಯ್ಯುವುದಿಲ್ಲ. ಉಕ್ಕಿನ ದಿಂಡನ್ನು ಕೆಂಡವಾಗುವಂತೆ ಕಾಯಿಸಿ ಬಡಿದೇ ಮಾಡುತ್ತಾರೆ.

ಇದೇಕೆ ಹೀಗೆ? ಗೃಹಿಣಿಯರಿಗೆ ಇದನ್ನು ತಿಳಿಸುವುದು ಬಹಳ ಸುಲಭ. ಎರಕವೆಂದರೆ ಇಡ್ಲಿ ಇದ್ದ ಹಾಗೆ. ಹಿಟ್ಟನ್ನು ತಟ್ಟೆಗೆ ಹೊಯ್ದರೆ ತಟ್ಟೆಯ ಆಕಾರ ಬರುತ್ತದೆ. ಒಳಗೆ ಸಣ್ಣ ಸಣ್ಣ ಗಾಳಿಯ ತೂತುಗಳು ಉಳಿಯುತ್ತವೆ. ಇಡ್ಲಿಗೆ ಅದು ಭೂಷಣ, ಉಕ್ಕಿಗೆ ದೋಷ. ಬಡಿದು ಮಾಡುವುದು ಜೋಳದ ರೊಟ್ಟಿಯಂತೆ. ಹಿಟ್ಟನ್ನು ಚೆನ್ನಾಗಿ ನಾದಿ, ತಟ್ಟಿ ತಟ್ಟಿ ಹಿಗ್ಗಿಸಿದರೆ ಬಿರುಕು ಬಿಡದೆ ಒಂದೇ ಮೈಯಾಗುತ್ತದೆ. ಕಾದ ಉಕ್ಕನ್ನು ಬಡಿದಾಗಲೂ ಒಳಗಿನ ತೂತುಗಳು ಮುಚ್ಚಿಕೊಂಡು ಬೆಸೆಯುತ್ತವೆ, ಒರಟು ಕಣಗಳು ಸಣ್ಣವಾಗುತ್ತವೆ, ಮರಕ್ಕೆ ಎಳೆಗಳಿರುವಂತೆ ಉಕ್ಕಿಗೂ ಉದ್ದಕ್ಕೆ ಎಳೆಗಳು ಕೂಡಿಕೊಳ್ಳುತ್ತವೆ. ಅಂಥದು ತಿರುಚಿದರೂ ಬಾಗಿಸಿದರೂ ಬೇಗ ಮುರಿಯದು.

ನಮ್ಮ ಊರಿನ ಕಮ್ಮಾರನು ಕುಡುಗೋಲನ್ನು ಮಾಡುವಾಗ ನಡೆಸುವುದೂ ಇದನ್ನೇ. ತಿದಿ, ಇಕ್ಕಳ, ಅಡಿಗಲ್ಲು, ಸುತ್ತಿಗೆ: ಇಷ್ಟೇ ಅವನ ಸಂಪತ್ತು. ಕೆಲಸ ದೊಡ್ಡದಾದರೆ ಎದುರಿಗೆ ಒಬ್ಬ ಸಮ್ಮಟಿಗೆ ಹಿಡಿದು ನಿಲ್ಲುತ್ತಾನೆ. ಆದರೆ ಮನುಷ್ಯನ ತೋಳಿನಿಂದ ಕುಡುಗೋಲು, ಗುಳ, ಗಾಡಿಯ ಪಟ್ಟಿ ಆದೀತು. ಆನೆಯ ಸೊಂಡಿಲಿನಷ್ಟು ದಪ್ಪದ ಹಡಗಿನ ಅಚ್ಚು ಆದೀತೆ? ಈ ಪ್ರಶ್ನೆಯಿಂದಲೇ ಉಗಿ ಸುತ್ತಿಗೆ ಹುಟ್ಟಿದ್ದು.

1839ರಲ್ಲಿ ಇಂಗ್ಲೆಂಡಿನಲ್ಲಿ ಬ್ರೂನೆಲ್ ಎಂಬ ಪ್ರಸಿದ್ಧ ಇಂಜಿನಿಯರು 'ಗ್ರೇಟ್ ಬ್ರಿಟನ್' ಎಂಬ ದೊಡ್ಡ ಉಗಿಹಡಗನ್ನು ಕಟ್ಟಿಸುತ್ತಿದ್ದನು. ಅದರ ಪಕ್ಕದ ಚಕ್ರಗಳನ್ನು ತಿರುಗಿಸಲು ಭಾರಿ ಅಚ್ಚು ಬೇಕಾಗಿತ್ತು. ಅದನ್ನು ಬಡಿದು ಕೊಡಲು ಯಾವ ಕಾರ್ಖಾನೆಯೂ ಒಪ್ಪಲಿಲ್ಲ. ಆಗ ಇದ್ದ ಯಂತ್ರದ ಸುತ್ತಿಗೆಗಳು ನಮ್ಮ ಏತದಂತೆ ಒಂದು ತುದಿಯಲ್ಲಿ ಕೀಲು ಹೊಂದಿ, ಏರಿ ಇಳಿಯುವಂಥವು. ಕೆಳಗಿಟ್ಟ ಕಬ್ಬಿಣ ದಪ್ಪವಾದಷ್ಟೂ ಸುತ್ತಿಗೆ ಮೇಲೇಳಲು ಜಾಗ ಕಡಿಮೆ. ಬೀಳುವ ಎತ್ತರ ಕಡಿಮೆಯಾದರೆ ಪೆಟ್ಟೂ ಕಡಿಮೆ. ದೊಡ್ಡ ಕೆಲಸಕ್ಕೇ ಸಣ್ಣ ಪೆಟ್ಟು ಎಂಬ ವಿಪರೀತ! ಮ್ಯಾಂಚೆಸ್ಟರಿನ ಬಳಿ ಪ್ಯಾಟ್ರಿಕ್ರಾಫ್ಟ್ ಎಂಬಲ್ಲಿ ಕಾರ್ಖಾನೆ ನಡೆಸುತ್ತಿದ್ದ ಜೇಮ್ಸ್ ನ್ಯಾಸ್ಮಿತ್ ಎಂಬ ಸ್ಕಾಟ್ಲೆಂಡಿನವನಿಗೆ ಈ ಕಷ್ಟವನ್ನು ತಿಳಿಸಿ ಕಾಗದ ಬಂತು. ಅವನು 1839ರ ನವೆಂಬರ್ 24ರಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಚಿತ್ರ ಬರೆದನು. ಎರಡು ಕಂಬಗಳ ಮೇಲೆ ತಲೆಕೆಳಗಾದ ಒಂದು ಸಿಲಿಂಡರು, ಅದರ ಪಿಸ್ಟನ್ನಿನ ಸರಳಿಗೆ ತೂಗುಬಿಟ್ಟ ಕಬ್ಬಿಣದ ದೊಡ್ಡ ತಲೆ, ಕೆಳಗೆ ಅಡಿಗಲ್ಲು. ಕುಕ್ಕರಿನಲ್ಲಿ ಉಗಿಯು ಮೇಲಿನ ತೂಕವನ್ನು ಎತ್ತುವುದನ್ನು ನಾವು ದಿನವೂ ಕಾಣುತ್ತೇವಲ್ಲವೆ? ಹಾಗೆಯೇ ಪಿಸ್ಟನ್ನಿನ ಕೆಳಕ್ಕೆ ಉಗಿ ಬಿಟ್ಟರೆ ತಲೆ ಮೇಲೇರುತ್ತದೆ. ಉಗಿಯನ್ನು ಹೊರಕ್ಕೆ ಬಿಟ್ಟರೆ ನೆಟ್ಟಗೆ ಬೀಳುತ್ತದೆ. ಮುಂದೆ ಬಂದ ಸುತ್ತಿಗೆಗಳಲ್ಲಿ ಪಿಸ್ಟನ್ನಿನ ಮೇಲಿನಿಂದಲೂ ಉಗಿ ಬಿಟ್ಟು ಪೆಟ್ಟಿನ ರಭಸವನ್ನು ಹೆಚ್ಚಿಸಿದರು.

ವಿಧಿಯ ವಿನೋದ ನೋಡಿ: ಪಕ್ಕದ ಚಕ್ರ ಬಿಟ್ಟು ಹಿಂದೆ ತಿರುಗುವ ಪ್ರೊಪೆಲರ್ ಇಡುವುದೆಂದು ಆ ಹಡಗಿನವರು ಯೋಜನೆಯನ್ನೇ ಬದಲಾಯಿಸಿದರು, ಅಚ್ಚು ಬೇಕಾಗಲಿಲ್ಲ, ಚಿತ್ರ ಪುಸ್ತಕದಲ್ಲೇ ಉಳಿಯಿತು. ಆದರೆ ಆ ಪುಸ್ತಕವನ್ನು ಫ್ರಾನ್ಸಿನ ಕ್ರೂಸೋ ಎಂಬಲ್ಲಿಯ ಕಾರ್ಖಾನೆಯವರು ನೋಡಿಹೋಗಿದ್ದರು. ನ್ಯಾಸ್ಮಿತ್ 1842ರಲ್ಲಿ ಅಲ್ಲಿಗೆ ಹೋದಾಗ, ಅಷ್ಟು ದೊಡ್ಡ ಕೆಲಸವನ್ನು ಹೇಗೆ ಬಡಿದಿರೆಂದು ಕೇಳಿದನು. "ನಿಮ್ಮ ಸುತ್ತಿಗೆಯಿಂದಲೇ" ಎಂಬ ಅರ್ಥದ ಉತ್ತರ ಬಂತು! ಅಲ್ಲಿಯ ಬೂರ್ದೋನ್ ಎಂಬ ಇಂಜಿನಿಯರು ಅದನ್ನು ಆಗಲೇ ಕಟ್ಟಿ ನಿಲ್ಲಿಸಿದ್ದನು. ನ್ಯಾಸ್ಮಿತ್ ತಡಮಾಡದೆ ಅದೇ ವರ್ಷ ಪೇಟೆಂಟ್ ಪಡೆದನು. ಕಾಗದಪತ್ರಗಳನ್ನು ಕಾಲಕ್ಕೆ ಸರಿಯಾಗಿ ಮಾಡಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ಗುಮಾಸ್ತೆಯರಾದ ನಮಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಈ ಮಾತು ಮುಂದೆ ನಮ್ಮ ಮನೆಗೂ ಅನ್ವಯಿಸಿತು.

ಆಮೇಲೆ ಸುತ್ತಿಗೆಗಳು ಬೆಳೆದ ಬಗೆಯಂತೂ ಪುರಾಣದ ಕತೆಯಂತಿದೆ. ಅದೇ ಕ್ರೂಸೋದಲ್ಲಿ 1877ರಲ್ಲಿ ನೂರು ಟನ್ನಿನ ಸುತ್ತಿಗೆ ಎದ್ದಿತು. ಅಮೆರಿಕದ ಬೆತ್ಲೆಹೆಮ್ ಕಾರ್ಖಾನೆಯವರು 1891ರಲ್ಲಿ 125 ಟನ್ನಿನದನ್ನು ನಿಲ್ಲಿಸಿದರು. ಬಡಿಯುವ ತಲೆ ಅಷ್ಟು ತೂಗಿದರೆ, ಪೆಟ್ಟನ್ನು ತಾಳಿಕೊಳ್ಳುವ ಅಡಿಗಲ್ಲು ಅದರ ಹಲವು ಪಟ್ಟು ತೂಗಬೇಕು. ಇಲ್ಲವಾದರೆ ಪೆಟ್ಟು ಉಕ್ಕಿಗೆ ಹೋಗದೆ ನೆಲಕ್ಕೆ ಹೋಗುತ್ತದೆ, ಸುತ್ತಲಿನ ಕಟ್ಟಡಗಳು ನಡುಗುತ್ತವೆ. ಈ ನಡುಕವೇ ರಾಕ್ಷಸ ಸುತ್ತಿಗೆಗಳಿಗೆ ಮೃತ್ಯುವಾಯಿತು. ಬೆತ್ಲೆಹೆಮ್ಮಿನದು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ನೀರಿನ ಒತ್ತಡದಿಂದ ನಡೆಯುವ ಪ್ರೆಸ್ಸುಗಳು ಬಂದವು. ಸುತ್ತಿಗೆಯದು ರೊಟ್ಟಿ ತಟ್ಟುವ ಕೈ. ಪ್ರೆಸ್ಸಿನದು ಪೂರಿ ಒತ್ತುವ ಮಣೆ. ದಪ್ಪನೆಯ ದಿಂಡಿನ ಹೊಟ್ಟೆಯವರೆಗೆ ಒತ್ತಡ ಮುಟ್ಟಬೇಕಾದರೆ ನಿಧಾನವಾಗಿ ಒತ್ತುವುದೇ ಲೇಸು. ಯಲಹಂಕದ ಯಂತ್ರವಂತೂ ನಾಲ್ಕು ಕಡೆಯಿಂದ ನಾಲ್ಕು ಸಣ್ಣ ಸುತ್ತಿಗೆಗಳಿಂದ ಒಟ್ಟಿಗೆ ಬಡಿದು ಅಚ್ಚನ್ನು ನೀಳವಾಗಿಸುತ್ತದೆ. ಕ್ರೂಸೋದ ಹಳೆಯ ಸುತ್ತಿಗೆಯನ್ನು ಆ ಊರಿನವರು 1969ರಲ್ಲಿ ಊರಬಾಗಿಲಿನಲ್ಲಿ ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಮಧ್ಯಮ ಗಾತ್ರದ ಉಗಿ ಸುತ್ತಿಗೆಗಳು ಮಾತ್ರ ರೈಲ್ವೆ ಕಾರ್ಯಾಗಾರಗಳಲ್ಲಿಯೂ ಕುಲುಮೆಗಳಲ್ಲಿಯೂ ಬಹುಕಾಲ ದುಡಿದವು. ಎಷ್ಟೋ ಕಡೆ ಉಗಿಗೆ ಬದಲು ಒತ್ತಿದ ಗಾಳಿಯನ್ನು ಬಿಟ್ಟು ಅವೇ ಸುತ್ತಿಗೆಗಳನ್ನು ನಡೆಸಿದರು. ನಮ್ಮ ಮಾವ ನಿಂತದ್ದು ಅಂಥದೊಂದರ ಬಳಿ.

ರೈಲು ದುವ್ವಾಡ ದಾಟಿತು. ಗಾಜುವಾಕದ ಆಸುಪಾಸಿನ ಕನ್ನಡಿಗರಿಗೆ ಅಲ್ಲಿಯ ಹೆಸರುಗಳಲ್ಲೇ ಒಂದು ನಂಟು ಕಾಣುತ್ತದೆ. ಉಕ್ಕಿನ ಕಾರ್ಖಾನೆಯ ಬಡಾವಣೆಗೆ ಉಕ್ಕುನಗರಂ ಎಂದೇ ಹೆಸರು. 1966ರ ಚಳವಳಿಯಲ್ಲಿ "ವಿಶಾಖ ಉಕ್ಕು, ಆಂಧ್ರುಲ ಹಕ್ಕು" ಎಂದು ತೆಲುಗರು ಕೂಗಿದಾಗ, ಉಕ್ಕನ್ನೂ ಹಕ್ಕನ್ನೂ ಕನ್ನಡಿಗನಿಗೆ ಅನುವಾದಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಕುಲುಮೆ ಅವರಿಗೆ ಕೊಲಿಮಿ, ನಮ್ಮ ಸಮ್ಮಟಿಗೆ ಅವರಿಗೆ ಸಮ್ಮೆಟ, ನಮ್ಮ ಕಮ್ಮಾರ ಅವರ ಕಮ್ಮರಿ. ಇಂದಿರಾ ಗಾಂಧಿಯವರು 1971ರಲ್ಲಿ ಅಡಿಗಲ್ಲಿಟ್ಟ ಆ ಕಾರ್ಖಾನೆ 1992ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಅದರ ಊದುಕುಲುಮೆಗಳಲ್ಲಿ ಒಂದಕ್ಕೆ ಗೋದಾವರಿ, ಮತ್ತೊಂದಕ್ಕೆ ಕೃಷ್ಣಾ ಎಂದು ಹೆಸರು. ಕೃಷ್ಣೆಯು ನಮ್ಮ ನಾಡನ್ನು ಹಾದು ವಿಜಯವಾಡಕ್ಕೆ ಬರುವವಳು. ಅವಳ ಹೆಸರು ಬೆಂಕಿಗೂ ಸಂದಿದೆ. ಇದೇ ಕಾರ್ಖಾನೆಯ ಸಂಸ್ಥೆ ಉತ್ತರ ಪ್ರದೇಶದ ಲಾಲ್‌ಗಂಜಿನಲ್ಲಿ ರೈಲಿನ ಗಾಲಿಗಳನ್ನೂ ಬಡಿದು ಮಾಡತಕ್ಕ ಕಾರ್ಖಾನೆಯನ್ನು, ವರ್ಷಕ್ಕೆ ಒಂದು ಲಕ್ಷ ಗಾಲಿಗಳ ಲೆಕ್ಕದಲ್ಲಿ, ಕಟ್ಟಿಸಿತು. ಆದುದರಿಂದ ಬಡಿಯುವ ವಿದ್ಯೆ ಸತ್ತುಹೋಯಿತೆಂದು ಹುಡುಗನಿಗೆ ಹೇಳುವಂತಿರಲಿಲ್ಲ. ನಮ್ಮ ಉಪದೇಶದ ಒಂದು ಕಾಲು ದಾರಿಯಲ್ಲೇ ಮುರಿದಿತ್ತು.

ಮನೆ ಸೇರಿದಾಗ ತಾತ ಮೊಮ್ಮಗ ಇಬ್ಬರೂ ಹಜಾರದಲ್ಲಿ ಎದುರುಬದುರು ಕುಳಿತಿದ್ದರು. ಹುಡುಗನು ಅಂಗೈಯನ್ನು ಕೆಳಮುಖ ಮಾಡಿ ಎರಡು ಸಲ ಮೆಲ್ಲಗೆ ಆಡಿಸಿದನು. ತಾತ ನಕ್ಕು ಟೀವಿಯ ಸದ್ದನ್ನು ತಗ್ಗಿಸಿದರು. ನಮಗೆ ಆಶ್ಚರ್ಯವಾಯಿತು. "ಇದೇನೋ?" ಎಂದು ಕೇಳಿದೆವು.

"ಮಾವ, ಇದು ಸುತ್ತಿಗೆಯ ಭಾಷೆ. ತಾತ ಕಲಿಸಿದ್ದು," ಎಂದನು.

ಆಗ ನಮಗೆ ತಿಳಿದ ವಿಷಯವನ್ನು ಓದುಗರಿಗೂ ತಿಳಿಸಬೇಕು. ಸುತ್ತಿಗೆಯ ಬಳಿ ಮಾತು ಎಂಬುದು ನಡೆಯುವುದಿಲ್ಲ. ಕಾದ ದಿಂಡನ್ನು ಸರಪಳಿಯಲ್ಲಿ ತೂಗಿಸಿ, ಇಕ್ಕಳದಿಂದ ತಿರುವಿ ಹಿಡಿಯುವವನು ಮೇಸ್ತ್ರಿ. ಹಿಡಿಕೆ ಹಿಡಿದು ಸುತ್ತಿಗೆಯನ್ನು ಎತ್ತಿ ಇಳಿಸುವವನು ಡ್ರೈವರು. ಡ್ರೈವರಿನ ಕಣ್ಣು ಉಕ್ಕಿನ ಮೇಲಿರುವುದಿಲ್ಲ, ಮೇಸ್ತ್ರಿಯ ಕೈಮೇಲಿರುತ್ತದೆ. ನಮ್ಮ ಮಾವನ ವಿಭಾಗದಲ್ಲಿ ಅಂಗೈ ಆಡಿಸಿದರೆ ಮೆಲ್ಲನೆಯ ಪೆಟ್ಟು. ಕೈ ಬೀಸಿದರೆ ಪೂರ್ತಿ ಪೆಟ್ಟು. ಮುಷ್ಟಿ ಎತ್ತಿದರೆ ನಿಲ್ಲಿಸು. ಆ ಮುಷ್ಟಿಯನ್ನು ಕಾಣದೆ ಒಂದು ಪೆಟ್ಟು ಹೆಚ್ಚು ಬಿದ್ದರೆ ಮೇಸ್ತ್ರಿಯ ಕೈ ಉಳಿಯದು. ತಾತನಿಗೆ ಕಿವಿ ಕೇಳಿಸದು, ಕೂಗಿದರೆ ಸಿಟ್ಟು ಬರುತ್ತದೆ. ಹೀಗಾಗಿ ಮೊಮ್ಮಗ ಬಾಲ್ಯದಿಂದಲೂ ಈ ಸನ್ನೆಗಳಲ್ಲೇ ಮಾತನಾಡುತ್ತ ಬೆಳೆದಿದ್ದಾನೆ. ಮನೆಯವರೆಲ್ಲ ಕೂಗುತ್ತಿದ್ದೆವು; ಮಾತನಾಡುತ್ತಿದ್ದವನು ಅವನೊಬ್ಬನೇ.

ರಾತ್ರಿ ಊಟವಾದ ಮೇಲೆ ಮಾವನ ಬಲಗಡೆ ಕುಳಿತು ನ್ಯಾಸ್ಮಿತ್ತನ ಒಂದು ಕತೆ ಹೇಳಿದೆವು. ಅವನು ನೋಡಲು ಬಂದವರೆದುರು ಗಾಜಿನ ಲೋಟದಲ್ಲಿ ಕೋಳಿಮೊಟ್ಟೆಯಿಟ್ಟು, ಲೋಟ ಒಡೆಯದಂತೆ ಮೊಟ್ಟೆಯನ್ನು ಮಾತ್ರ ಸುತ್ತಿಗೆಯಿಂದ ಒಡೆದು ತೋರಿಸುತ್ತಿದ್ದನಂತೆ; ಮರುಕ್ಷಣದಲ್ಲಿ ಕಟ್ಟಡ ನಡುಗುವಂಥ ಪೆಟ್ಟು ಹಾಕುತ್ತಿದ್ದನಂತೆ. ಮಾವ ಕೇಳಿ ತಲೆಯಾಡಿಸಿದರು.

"ನಾವು ಕಡಲೆಕಾಯಿ ಇಡ್ತಿದ್ವಿ ಕಣಪ್ಪ. ಆಯುಧಪೂಜೆ ದಿನ ಮಕ್ಕಳೆಲ್ಲ ಬರ್ತಿದ್ರು. ಸಿಪ್ಪೆ ಬಿಡಬೇಕು, ಕಾಳು ನುರಿಯಬಾರದು. ಹೊಡೆಯೋದು ಯಾರಿಗೂ ಬರುತ್ತೆ. ತಡೆಯೋದು ಕಲಿಯೋಕೆ ನಂಗೆ ನಾಲ್ಕು ವರ್ಷ ಬೇಕಾಯ್ತು."

ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು, "ಅಷ್ಟೆಲ್ಲ ಕಲಿತು ಕಿವಿ ಕೊಟ್ಟು ಬಂದಿರಲ್ಲ ಮಾವಯ್ಯ!" ಎಂದು ಕೂಗಿದರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಮಗೆ ಹೇಳಿದರು: ಅವರ ವಿಭಾಗದಲ್ಲಿ ಕಿವಿಗೆ ಯಾವ ರಕ್ಷೆಯನ್ನೂ ಕೊಡಲಿಲ್ಲ. ಒಬ್ಬಿಬ್ಬರು ಹತ್ತಿ ಇಟ್ಟುಕೊಂಡರೆ ಮಿಕ್ಕವರು ನಗುತ್ತಿದ್ದರು. ಮೊದಲು ಹಕ್ಕಿಯ ದನಿ ಹೋಯಿತು, ಆಮೇಲೆ ಮಕ್ಕಳ ದನಿ. ನಿವೃತ್ತಿಯಾಗುವಾಗ ಕಿವಿಯನ್ನು ಯಾರೂ ಪರೀಕ್ಷಿಸಲಿಲ್ಲ, ಇವರೂ ಕೇಳಲಿಲ್ಲ.

ಇಲ್ಲಿ ನಾವು ನಾಚಬೇಕಾಯಿತು. ಕಾರ್ಮಿಕರ ಪರಿಹಾರಕ್ಕೆಂದು 1923ರಲ್ಲೇ ಕಾಯಿದೆಯಾಗಿತ್ತು. ಕಾಲಾನಂತರ, ಸದ್ದಿನಿಂದ ಬಂದ ಕಿವುಡುತನವೂ ಅದರ ಕಸುಬಿನ ರೋಗಗಳ ಪಟ್ಟಿಗೆ ಸೇರಿತ್ತು. ದಿನವೂ ಅನ್ಯರ ಅರ್ಜಿಗಳಿಗೆ ಕ್ರಮಸಂಖ್ಯೆ ಹಾಕುವ ನಾವು, ಸ್ವಂತ ಸೋದರಮಾವನಿಗಾಗಿ ಒಂದು ಅರ್ಜಿ ಬರೆಯಬಹುದಾಗಿತ್ತೆಂದು ಒಮ್ಮೆಯೂ ಯೋಚಿಸಿರಲಿಲ್ಲ. "ವಯಸ್ಸಾದವರು, ಕಿವಿ ಮಂದ" ಎಂದು ಎಲ್ಲರೂ ಸುಮ್ಮನಾಗಿದ್ದೆವು. ಬಡಿಯುವ ಸುತ್ತಿಗೆಯ ಸದ್ದು ನೂರು ಡೆಸಿಬಲ್ಲನ್ನು ಸುಲಭವಾಗಿ ಮೀರುತ್ತದೆ. ಅದಕ್ಕೆ ಹತ್ತಿ ಸಾಲದು, ಕಿವಿಯನ್ನು ಪೂರ್ತಿ ಮುಚ್ಚುವ ರಕ್ಷೆಯೇ ಬೇಕು. ಹಾಗೆ ಹೋದ ಕಿವಿ ಮತ್ತೆ ಬರುವುದಿಲ್ಲ.

ಮರುದಿನ ಹುಡುಗನನ್ನು ಕರೆದುಕೊಂಡು ರಾಮಕೃಷ್ಣಾ ಬೀಚಿಗೆ ಹೋದೆವು. ಅಲ್ಲಿ ದಡಕ್ಕೆಳೆದು ನಿಲ್ಲಿಸಿರುವ ಕುರ್ಸುರಾ ಜಲಾಂತರ್ಗಾಮಿಯನ್ನು ನೋಡದ ಕನ್ನಡ ಕುಟುಂಬವಿರಲಾರದು. 2002ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಮಕ್ಕಳೆಲ್ಲ ಒಳಗಿನ ಮಲಗುವ ಹಲಗೆಗಳನ್ನೂ ಟಾರ್ಪೆಡೊಗಳನ್ನೂ ನೋಡಲು ನುಗ್ಗುತ್ತಿದ್ದರು. ಇವನು ಹಿಂಭಾಗಕ್ಕೆ ಹೋಗಿ ಪ್ರೊಪೆಲರಿನ ಬಳಿ ನಿಂತನು. "ಮಾವ, ಈ ರೆಕ್ಕೆ ಎಲ್ಲರಿಗೂ ಕಾಣುತ್ತೆ. ಇದನ್ನ ತಿರುಗಿಸೋ ಅಚ್ಚು ಒಳಗಿರುತ್ತೆ, ಯಾರಿಗೂ ಕಾಣೋದಿಲ್ಲ," ಎಂದನು. ದೂರದಲ್ಲಿ ಬಂದರಿನ ಕಡೆ ಹಡಗುಗಳು ನಿಂತಿದ್ದವು. ಸ್ವತಂತ್ರ ಭಾರತದ ಮೊದಲ ದೊಡ್ಡ ಉಗಿಹಡಗು 'ಜಲಉಷಾ' ಇದೇ ಊರಿನಲ್ಲಿ ಕಟ್ಟಲ್ಪಟ್ಟು, 1948ರ ಮಾರ್ಚ್ 14ರಂದು ನೆಹರೂ ಅವರ ಕೈಯಿಂದ ನೀರಿಗಿಳಿದದ್ದನ್ನು ಅವನಿಗೆ ಹೇಳಿದೆವು. ಒಂದು ಹಡಗಿನ ಅಚ್ಚಿಗಾಗಿ ಹುಟ್ಟಿದ ಸುತ್ತಿಗೆಯ ಕತೆಯನ್ನೂ ಹೇಳಿದೆವು. ಸಿದ್ಧಪಡಿಸಿ ತಂದ ಉಪದೇಶವನ್ನು ಮಾತ್ರ ಹೇಳಲಿಲ್ಲ.

ಸಂಜೆ ಮನೆಯಲ್ಲಿ ಎಲ್ಲರೂ ಕೂತು ತೀರ್ಮಾನ ಮಾಡಿದೆವು. ಮಾತು ಮುಗಿಸಿದವರು ಮಾವನೇ. "ಹೋಗಲಿ. ಆದರೆ ಕಿವಿ ಮುಚ್ಚದೆ ಒಂದು ದಿನವೂ ಸುತ್ತಿಗೆ ಹತ್ತಿರ ನಿಲ್ಲಬಾರದು. ನಗೋರು ನಗಲಿ." ಅಕ್ಕ ಒಪ್ಪಿದರೆಂದು ಹೇಳಲಾರೆವು, ಬೇಡವೆಂದೂ ಹೇಳಲಿಲ್ಲ. ನಾವು ನಮಗೆ ಬರುವ ಕೆಲಸವನ್ನು ಮಾಡಿದೆವು. ಒಂದು ಹಾಳೆಯಲ್ಲಿ ಹೀಗೆ ಬರೆದುಕೊಟ್ಟೆವು: ಕೆಲಸಕ್ಕೆ ಸೇರುವ ಮೊದಲು ಕಿವಿಯ ಪರೀಕ್ಷೆ ಮಾಡಿಸಿ ಕಾಗದ ಇಟ್ಟುಕೊಳ್ಳತಕ್ಕದ್ದು, ವರ್ಷಕ್ಕೊಮ್ಮೆ ಮತ್ತೆ ಮಾಡಿಸಿ ಹಳೆಯದರೊಡನೆ ಹೋಲಿಸತಕ್ಕದ್ದು, ರಕ್ಷೆ ಕೊಡದಿದ್ದರೆ ಬಾಯಲ್ಲಿ ಹೇಳದೆ ಬರೆದು ಕೇಳಿ, ಪ್ರತಿಯನ್ನು ಮನೆಯಲ್ಲಿಡತಕ್ಕದ್ದು. ಹುಡುಗ ಅದನ್ನು ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡನು. ಈಗ ಅವನು ಐ.ಟಿ.ಐ.ಯ ಮೊದಲ ವರ್ಷದಲ್ಲಿದ್ದಾನೆ. ಮಾವನ ಬಲಗಿವಿಗೆ ಶ್ರವಣಯಂತ್ರ ಹಾಕಿಸಿದ್ದೂ ಆಯಿತು. ಹಾಕಿಕೊಳ್ಳಲು ಅವರು ದಿನವೂ ತಕರಾರು ಮಾಡುತ್ತಾರೆಂದು ಅಕ್ಕನ ದೂರು.

ನಮ್ಮ ಸಂಘದ ಮನೆಗಳಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ, ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ಇಲ್ಲಿಯ ಹಡಗುಕಟ್ಟೆಯಲ್ಲಿ ದುಡಿದು ಬಂದ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಕೇಳಿಸದೆಂದು ನಾವು ಕೂಗಿ ಸುಮ್ಮನಾಗುತ್ತೇವೆ. ಮುಂದಿನ ಭಾನುವಾರ ಅವರ ಒಳ್ಳೆಯ ಕಿವಿಯ ಕಡೆ ಕುಳಿತು, ಅವರು ಮಾಡುತ್ತಿದ್ದ ಕೆಲಸ ಎಂಥದೆಂದು ಒಮ್ಮೆ ಕೇಳಬಾರದೇಕೆ? ಅವರ ಕಾಗದಪತ್ರಗಳಲ್ಲಿ ಇನ್ನೂ ಬರೆಯಬಹುದಾದ ಅರ್ಜಿ ಏನಾದರೂ ಉಳಿದಿದ್ದರೆ, ಬರೆದುಕೊಡಲು ನಮ್ಮಂಥ ಗುಮಾಸ್ತೆಯರು ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದೇವೆ.